ಮೂಡುಗಾಳಿಗೆ ಮಡಲು

ಡಿಸೆಂಬರಿನ ಮೊದಲ ವಾರ. ಮೇಲಿನ ಬೈಲಿನಲ್ಲಿ ಭತ್ತದ ಕೊಯ್ಲು ಮುಗಿದು ಬೈಹುಲ್ಲು ಅಟ್ಟ ಸೇರಿತ್ತು. ತೋಟವಿದ್ದವರು ಮೊದಲ ಕೊಯ್ಲಿನ ಅಡಿಕೆಯನ್ನು ಅಂಗಳದಲ್ಲಿ ಹರವಿ, ಆಗಾಗ ಕಾಲಿನಿಂದ ಕೆದರಿ ತಿರುವುತ್ತಿದ್ದರು. ಹೊಳೆಬದಿಯ ಗದ್ದೆಯಲ್ಲಿ ವಿನೋದಾ ಬೆಳಿಗ್ಗೆ ಏಳು ಗಂಟೆಗೇ ಗುದ್ದಲಿ ಹಿಡಿದು ಗುಂಡಿ ತೋಡಲು ಶುರುಮಾಡಿದ್ದಳು. ಅದನ್ನು ಗದ್ದೆಯೆಂದು ಕರೆಯುವವರು ಈಗ ಅವಳೊಬ್ಬಳೇ. ಉಳಿದವರ ಬಾಯಲ್ಲಿ ಅದು ಮರಳಾಗಿ ಐದು ವರ್ಷ ದಾಟಿತ್ತು.

ಮರಳಿನಲ್ಲಿ ಗುಂಡಿ ತೋಡುವುದು ಸುಲಭ, ಅದನ್ನು ಗುಂಡಿಯಾಗಿ ಉಳಿಸುವುದು ಕಷ್ಟ. ಒಂದು ಬುಟ್ಟಿ ಎತ್ತಿದರೆ ಅಂಚಿನಿಂದ ಎರಡು ಬುಟ್ಟಿ ಜಾರಿ ಒಳಗೆ ಬೀಳುತ್ತದೆ. ವಿನೋದಾ ಮೂರನೆಯ ಸಲ ಅದೇ ಗುಂಡಿಯನ್ನು ತೋಡುತ್ತಿದ್ದಾಗ ಇರ್ಷಾದ್ ಕೊಡಪಾನ ಹೊತ್ತುಕೊಂಡು ಬಂದ.

"ಹಾಗಲ್ಲ ವಿನೋದಕ್ಕ. ಮೊದಲು ನೀರು ಕುಡಿಸಿ, ಆಮೇಲೆ ತೋಡಿ. ಬಾಯಾರಿದ ಮರಳು ಯಾರ ಮಾತೂ ಕೇಳುವುದಿಲ್ಲ."

ಅವನು ನೀರು ಹೊಯ್ದ. ಐದು ನಿಮಿಷ ಬಿಟ್ಟು ತೋಡಿದರೆ ಗುಂಡಿಯ ಗೋಡೆ ನೆಟ್ಟಗೆ ನಿಂತಿತು. ವಿನೋದಾ ಅದರೊಳಗೆ ಹಟ್ಟಿಗೊಬ್ಬರ, ಸುಡುಮಣ್ಣು, ಒಂದು ಬೊಗಸೆ ಬೂದಿ ತುಂಬಿದಳು. ಅವಳು ನೂರಿಪ್ಪತ್ತು ಗುಂಡಿಗಳ ಲೆಕ್ಕ ಹಾಕಿಕೊಂಡಿದ್ದಳು. ಗುಂಡಿಗೆ ಎರಡು ಬೀಜ. ಬೀಜ ಕಲ್ಲಂಗಡಿಯದು, ಊರಿನವರ ಬಾಯಲ್ಲಿ ಬಚ್ಚಂಗಾಯಿ.

ಪುಂಜಾಲಕಟ್ಟೆ ಕಳೆದು ಬೆಳ್ತಂಗಡಿಯ ಕಡೆಗೆ ಸ್ವಲ್ಪ ಹೋಗಿ ಮಣ್ಣಿನ ದಾರಿಯಲ್ಲಿ ಇಳಿದರೆ ಈ ಜಾಗ. ಮೆಟ್ಟಿಲಿನ ಹಾಗೆ ಮೂರು ಗದ್ದೆಗಳು. ಐದು ವರ್ಷದ ಹಿಂದೆ ಆಗಸ್ಟಿನಲ್ಲಿ ಘಟ್ಟದಲ್ಲಿ ಗುಡ್ಡ ಜರಿದು, ಹೊಳೆ ಕೆಂಪಾಗಿ ಏರಿ ಬಂದು, ಎರಡು ದಿನ ನಿಂತು ಇಳಿಯಿತು. ನೀರು ಹೋಯಿತು, ಮರಳು ಉಳಿಯಿತು. ಕೆಳಗಿನ ಗದ್ದೆಯಲ್ಲಿ ಎದೆಮಟ್ಟ, ನಡುವಿನದರಲ್ಲಿ ತೊಡೆಮಟ್ಟ, ಮೇಲಿನದರಲ್ಲಿ ಒಂದು ಗೇಣು. ವಿನೋದಾಳ ಗಂಡ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ಇದೊಂದನ್ನು ಅವನು ನೋಡಲಿಲ್ಲವೆಂಬುದೇ ಅವಳಿಗೆ ಸಮಾಧಾನ.

ಗದ್ದೆಯಲ್ಲಿ ಅರ್ಧ ಪಾಲು ಮೈದುನ ಜಿತೇಶನದು. ಅವನಿಗೆ ಪುಂಜಾಲಕಟ್ಟೆಯಲ್ಲಿ ಹೋಟೆಲು. ಟಿಪ್ಪರಿನವನೊಬ್ಬ ಅಲ್ಲಿ ದಿನಾ ಚಹಾಕ್ಕೆ ಬರುತ್ತಿದ್ದ. "ಮರಳೆಲ್ಲ ನಾನೇ ಹೊತ್ತುಕೊಂಡು ಹೋಗ್ತೇನೆ, ಜಾಗ ಸಮತಟ್ಟು ಮಾಡಿ ಕೊಡ್ತೇನೆ" ಎಂದು ಅವನು ಹೇಳುತ್ತಲೇ ಇದ್ದ. ಹೊಳೆಯ ಮೇಲ್ಗಡೆಯ ಒಂದು ಗದ್ದೆಯನ್ನು ಅವನು ಸಮತಟ್ಟು ಮಾಡಿದ್ದನ್ನು ವಿನೋದಾ ಹೋಗಿ ನೋಡಿಕೊಂಡು ಬಂದಿದ್ದಳು. ಮರಳು ತೆಗೆದವನು ಮರಳು ಮುಗಿದಲ್ಲಿಗೆ ನಿಂತಿರಲಿಲ್ಲ. ಅಡಿಯ ಕಪ್ಪು ಮಣ್ಣೂ ಹೋಗಿತ್ತು, ಹೊಳೆಯ ದಂಡೆಯೂ ಹೋಗಿತ್ತು. ಮುಂದಿನ ಮಳೆಗೆ ಗದ್ದೆಯಿದ್ದ ಜಾಗದಲ್ಲಿ ಹೊಳೆ ಹರಿಯಿತು.

"ಬಿಸುವಿನ ತನಕ ನೋಡುವ ಅತ್ತಿಗೆ" ಎಂದಿದ್ದ ಜಿತೇಶ. ಬಿಸುವೆಂದರೆ ಏಪ್ರಿಲ್ ನಡುವಿನ ಹೊಸವರ್ಷ. "ಅಷ್ಟರಲ್ಲಿ ಇದರಲ್ಲಿ ಒಂದು ಬೆಳೆ ಬಂದರೆ ಸರಿ. ಇಲ್ಲದಿದ್ದರೆ ನೀವು ಅಡ್ಡ ಬರಬಾರದು."

ಅವಳು ತಲೆಯಾಡಿಸಿದ್ದಳು. ಏನು ಬೆಳೆಯಬಹುದೆಂದು ಆಗ ಅವಳಿಗೆ ತಿಳಿದಿರಲಿಲ್ಲ.

ತಿಳಿದಿದ್ದವನು ಇರ್ಷಾದ್. ಅವನ ಊರು ಮೂಡಬಿದಿರೆಯ ಹತ್ತಿರದ ತೋಡಾರು, ಹೆಂಡತಿ ಝೈನಬಳ ಮನೆ ಇಲ್ಲೇ ರಸ್ತೆಯ ಆಚೆ. ಇಪ್ಪತ್ತೊಂದು ವರ್ಷ ಸೌದಿಯ ಒಂದು ತರಕಾರಿ ತೋಟದಲ್ಲಿ ದುಡಿದು ಈ ವರ್ಷವಷ್ಟೇ ಊರಿಗೆ ಬಂದು, ಈಗ ಪಿಕಪ್ಪಿನಲ್ಲಿ ತರಕಾರಿ ಮಾರುತ್ತಿದ್ದ. ವಿನೋದಾಳಲ್ಲಿಗೆ ಬಸಳೆಯ ಕಟ್ಟು ಒಯ್ಯಲು ಬಂದ ದಿನ ಗದ್ದೆಯ ಅಂಚಿನಲ್ಲಿ ನಿಂತು ನಕ್ಕಿದ್ದ.

"ಎಂತ ನಗು ಇರ್ಷಾದಣ್ಣ?"

"ಎಂತ ಇಲ್ಲ. ಈ ಮರಳಣ್ಣನಿಂದ ತಪ್ಪಿಸ್ಕೊಂಡು ಊರಿಗೆ ಬಂದೆ ಅಂದ್ಕೊಂಡಿದ್ದೆ. ಇವ ನನಗಿಂತ ಮೊದಲೇ ಬಂದು ಕೂತಿದ್ದಾನೆ."

ಅವನು ಅಲ್ಲಿಯ ಮರಳುಗಾಳಿಯ ಕತೆ ಹೇಳಿದ. "ಮೊದಲು ಆಕಾಶ ಚಹಾದ ಬಣ್ಣ ಆಗ್ತದೆ. ಆಮೇಲೆ ದೂರದಲ್ಲಿ ಒಂದು ಗೋಡೆ. ಗೋಡೆ ನಡ್ಕೊಂಡು ಬರ್ತದೆ ಮಾರಾಯ್ರೆ! ನಾವು ಒದ್ದೆ ಬಟ್ಟೆ ಮುಖಕ್ಕೆ ಸುತ್ತಿ ಟ್ರಾಕ್ಟರಿನ ಅಡಿಗೆ. ಎದ್ದು ನೋಡಿದ್ರೆ ನಿನ್ನೆ ನೆಟ್ಟ ಸಾಲು ಎಲ್ಲಿ, ಬಾವಿ ಎಲ್ಲಿ ಅಂತ ಗೊತ್ತಿಲ್ಲ. ರೊಟ್ಟಿಯಲ್ಲಿ ಮರಳು, ಕಿವಿಯಲ್ಲಿ ಮರಳು. ನಾನು ಕಳಿಸಿದ ಕಾಗದ ಬಿಚ್ಚಿದ್ರೆ ಮಡಿಲಿಗೆ ಮರಳು ಬೀಳ್ತಿತ್ತು ಅಂತ ಝೈನಬ್ ಈಗಲೂ ಹೇಳ್ತಾಳೆ."

"ಮತ್ತೆ ತರಕಾರಿ ಹೇಗೆ ಬೆಳೀತಿದ್ರಿ?"

"ಖರ್ಜೂರದ ಗರಿಯ ಬೇಲಿ ಕಟ್ಟಿ. ಸಾಲಿನ ಹಿಂದೆ ಸಾಲು. ಬೇಲಿಯ ಬೆನ್ನಿಗೆ ಗುಂಡಿ ತೋಡಿ ಬೀಜ. ಗಾಳಿಯನ್ನು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ವಿನೋದಕ್ಕ, ದಣಿಸ್ಬೇಕು. ದಣಿದ ಗಾಳಿ ಹೊತ್ತದ್ದನ್ನು ಅಲ್ಲೇ ಕೆಳಗಿಡ್ತದೆ."

ಖರ್ಜೂರದ ಗರಿ ಇಲ್ಲಿಲ್ಲ, ತೆಂಗಿನ ಮಡಲಿಗೆ ಬರವಿಲ್ಲ. ಬಂದ ಬೆಳೆಯಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ ಎಂದು ಆ ದಿನವೇ ಮಾತಾಯಿತು.

ಕೆರೆಯಲ್ಲಿ ಮೂರು ದಿನ ನೆನೆಹಾಕಿದ ಮಡಲನ್ನು ಸೀಳಿ ವಿನೋದಾ ಹೆಣೆಯಲು ಕುಳಿತಳು. ತಾಯಿ ಕಲಿಸಿದ ಕೈ, ಗರಿಗೆ ಗರಿ ಬಿಗಿಯಾಗಿ ಕೂರುತ್ತಿತ್ತು. ಇರ್ಷಾದ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಸಡಿಲ ಬೇಕು" ಎಂದ. "ಇದರಲ್ಲಿ ಅರ್ಧದಷ್ಟು ತೂತು ಬೇಕು. ಗಾಳಿ ನುಗ್ಗಿ ಹೋಗಬೇಕು. ಇಲ್ಲದಿದ್ದರೆ ಬೇಲಿ ಹಾರಿ ಹಿಂದಿನಿಂದ ತಿರುಗಿ ಹೊಡೀತದೆ."

"ಇಷ್ಟು ಸಡಿಲ ಹೆಣೆದರೆ ನೋಡಿದವರು ಇವಳಿಗೆ ತಾಯಿ ಇರ್ಲಿಲ್ವಾ ಅಂತ ಕೇಳ್ತಾರೆ."

"ಬೇಕಾದ್ರೆ ಒಂದು ಬೋರ್ಡು ಹಾಕುವ. ಬೇಕಂತಲೇ ಕೆಟ್ಟದಾಗಿ ಹೆಣೆದದ್ದು ಅಂತ."

ಅವನು ಅಡಿಕೆ ಮರದ ಸಲಾಕೆಗಳನ್ನು ನಡುವಿನ ಗದ್ದೆಯಲ್ಲಿ ಊರಿ, ಸೊಂಟದೆತ್ತರದ ಬೇಲಿಯನ್ನು ನಾಲ್ಕು ಸಾಲು ಕಟ್ಟಿದ. ಕೈಯಲ್ಲಿ ಹಗ್ಗವಿರಲಿಲ್ಲ, ಅಳತೆಯ ಕೋಲಿರಲಿಲ್ಲ. ಒಮ್ಮೆ ಸೂರ್ಯನನ್ನು ನೋಡಿ, ಒಮ್ಮೆ ತನ್ನ ನೆರಳನ್ನು ನೋಡಿ ನಡೆದ, ಸಾಲು ನೇರ ಬಂತು. ಬೇಲಿಯ ಎದೆ ವಾಯುವ್ಯಕ್ಕೆ, ಅಂದರೆ ಪಡುವಣಕ್ಕೂ ಬಡಗಣಕ್ಕೂ ನಡುವಿನ ಮೂಲೆಗೆ. ಗುಂಡಿಗಳೆಲ್ಲ ಅದರ ಬೆನ್ನಿಗೆ.

ವಿನೋದಾ ನೋಡಿದಳು. ಧನುರ್ಮಾಸದ ಗಾಳಿ ಆ ಕಡೆಯಿಂದ ಬರುವುದಿಲ್ಲವಲ್ಲ ಎಂದು ಮನಸ್ಸಿಗೆ ಬಂತು. ಮರಳಿನೊಂದಿಗೆ ಇಪ್ಪತ್ತೊಂದು ವರ್ಷ ಗುದ್ದಾಡಿದವನು, ಮಡಲು ಹೆಣೆಯುವುದಕ್ಕೇ ನನ್ನನ್ನು ತಿದ್ದಿದವನು, ಅವನಿಗೆ ಗೊತ್ತಿಲ್ಲದ್ದು ನನಗೆಂತ ಗೊತ್ತು ಎಂದುಕೊಂಡು ಸುಮ್ಮನಾದಳು.

ಎಂಟು ದಿನಕ್ಕೆ ಮೊಳಕೆ ಬಂತು. ಕ್ರಿಸ್‌ಮಸ್ ಹೊತ್ತಿಗೆ ನಾಲ್ಕೆಲೆ. ಮರಳಿನ ಬಿಳಿಯ ನಡುವೆ ನೂರಿಪ್ಪತ್ತು ಹಸಿರು ಬೊಟ್ಟುಗಳು. ವಿನೋದಾ ಹಾಲು ಕೊಟ್ಟು ಬರುವಾಗ ದಾರಿ ಬಳಸಿಯಾದರೂ ಅವುಗಳನ್ನು ನೋಡಿ ಮನೆಗೆ ಹೋಗುತ್ತಿದ್ದಳು.

ಜನವರಿಯ ಮೊದಲ ವಾರ ಮೂಡುಗಾಳಿ ಎದ್ದಿತು. ಪ್ರತಿವರ್ಷ ಬರುವ ಗಾಳಿಯೇ. ಬೆಳಗಾಗುತ್ತಲೇ ಘಟ್ಟದ ಕಡೆಯಿಂದ ಹೊಳೆಯ ದಾರಿ ಹಿಡಿದು ಬರುತ್ತದೆ, ಒಣಗಿದ ಗಾಳಿ, ತುಟಿ ಒಡೆಯುತ್ತದೆ, ಮಾವಿನ ಹೂ ಉದುರುತ್ತದೆ. ಈ ಸಲ ಮೂರು ದಿನ ಬಿಡದೆ ಬೀಸಿತು. ಕೆಳಗಿನ ಗದ್ದೆಯ ನುಣುಪು ಮರಳು ನೆಲದಿಂದ ಮೊಳಕಾಲಿನೆತ್ತರ ಎದ್ದು ಹೊಗೆಯ ಹಾಗೆ ಹರಿಯಿತು. ಬೇಲಿಯ ತಪ್ಪು ಕಡೆಯಿಂದ ಬಂದು, ಮಡಲಿಗೆ ತಾಗಿ ದಣಿದು, ಇರ್ಷಾದ್ ಹೇಳಿದ ಹಾಗೆಯೇ ಹೊತ್ತದ್ದನ್ನು ಅಲ್ಲೇ ಕೆಳಗಿಟ್ಟಿತು, ಸಸಿಗಳ ಮೇಲೆ.

ನಾಲ್ಕನೆಯ ಬೆಳಿಗ್ಗೆ ಗಾಳಿ ತುಸು ತಗ್ಗಿದಾಗ ವಿನೋದಾ ಮೊಣಕಾಲೂರಿ ಬೆರಳಿನಿಂದ ಮರಳು ಸರಿಸುತ್ತಿದ್ದಳು. ಸಿಕ್ಕಿದ ಎಲೆಗಳು ಉಜ್ಜುಕಾಗದದಿಂದ ತಿಕ್ಕಿದ ಹಾಗಿದ್ದವು. ಇರ್ಷಾದ್ ಬಂದು ನಿಂತ. ಮೂರು ದಿನ ಸಿದ್ಧಕಟ್ಟೆ, ಬಂಟ್ವಾಳದ ಕಡೆ ತರಕಾರಿ ಮಾರಲು ಹೋಗಿದ್ದವನು.

"ಇದು... ಆ ಕಡೆಯಿಂದ ಬಂತಾ?" ಎಂದು ಮೂಡಣಕ್ಕೆ ಕೈ ತೋರಿಸಿದ.

"ಯಾವಾಗಲೂ ಆ ಕಡೆಯಿಂದಲೇ. ಮಕರ ತಿಂಗಳು ದಾಟುವವರೆಗೆ."

ಅವನು ಅಲ್ಲೇ ಕುಳಿತುಬಿಟ್ಟ. "ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ಡಿಸೆಂಬರಿಗೂ, ಜನವರಿಗೂ ನಾನು ಊರಲ್ಲಿ ಇರ್ಲಿಲ್ಲ ವಿನೋದಕ್ಕ. ಅಲ್ಲಿ ಅದು ಬೆಳೆಯ ಸಮಯ, ರಜೆ ಕೊಡುವುದಿಲ್ಲ. ರಜೆ ಸಿಕ್ಕುವುದು ಜುಲೈಯಲ್ಲಿ. ನನಗೆ ಗೊತ್ತಿದ್ದ ಊರು ಅಂದ್ರೆ ಬರೀ ಮಳೆ. ನಾನು ಶಮಾಲಿಗೆ ಬೇಲಿ ಕಟ್ಟಿದೆ, ಅಲ್ಲಿಯ ಗಾಳಿಗೆ. ಕಾಲು ತನ್ನಷ್ಟಕ್ಕೆ ಆ ಕಡೆಗೇ ಹೋಯಿತು."

"ನನಗೆ ಆ ದಿನವೇ ಗೊತ್ತಾಗಿತ್ತು."

"ಎಂತ?"

"ಬೇಲಿ ಈ ಕಡೆಗೆ ಯಾಕೆ ಅಂತ ಕಂಡಿತ್ತು. ಕೇಳ್ಲಿಲ್ಲ. ನಿಮಗೆ ಗೊತ್ತಿರಬಹುದು ಅಂತ."

ಬೈಯುತ್ತಾನೆಂದು ಅವಳು ತಲೆ ತಗ್ಗಿಸಿದಳು. "ಒಳ್ಳೆ ಪಾಲುದಾರರು ನಾವು" ಎಂದ ಅವನು. "ಗೊತ್ತಿಲ್ಲದವ ಮಾತಾಡಿದ, ಗೊತ್ತಿದ್ದವರು ಸುಮ್ಮನೆ ಕೂತರು."

ಹನ್ನೊಂದು ಗಂಟೆಗೆ ಜಿತೇಶನ ಬೈಕು ಬಂತು. ಗಾಳಿಯ ಸುದ್ದಿ ಅವನ ಹೋಟೆಲಿಗೂ ಹೋಗಿತ್ತು. ಅಂಚಿನಲ್ಲಿ ನಿಂತು ಗದ್ದೆಯ ಉದ್ದಕ್ಕೂ ಕಣ್ಣು ಹಾಯಿಸಿದ.

"ಟಿಪ್ಪರಿನವನು ಈ ತಿಂಗಳೇ ಶುರು ಮಾಡ್ತೇನೆ ಅಂತಿದ್ದಾನೆ ಅತ್ತಿಗೆ."

"ಬಿಸುವಿನ ತನಕ ಅಂತ ಹೇಳಿದ್ದು ನೀನೇ."

"ಬಿಸುವಿಗೆ ಬೆಳೆ ತೋರಿಸ್ಬೇಕಾದ್ರೆ ಗಿಡ ಬೇಕಲ್ಲ? ಇಲ್ಲಿ ಬೇಲಿ ಮಾತ್ರ ಉಂಟು."

ಅವಳು ಮರಳಿನಿಂದ ಬಿಡಿಸಿದ ಸಸಿಗಳನ್ನು ಎಣಿಸಿದ್ದಳು. ನೂರಿಪ್ಪತ್ತರಲ್ಲಿ ಜೀವ ಇದ್ದದ್ದು ನಲವತ್ತಮೂರು. ಆ ನಲವತ್ತಮೂರನ್ನು ಉಳಿಸಿ, ಉಳಿದ ಗುಂಡಿಗೆ ಹೊಸ ಬೀಜ ಊರಿದರೆ ದಿನ ಇನ್ನೂ ಇತ್ತು. ಆದರೆ ಸಂಜೆಯೊಳಗೆ ಮೂಡಣಕ್ಕೆ ಎದೆಯೊಡ್ಡುವ ಬೇಲಿ ಎದ್ದಿರಬೇಕು, ಅದೂ ಏಳೆಂಟು ಸಾಲು. ನಾಳೆ ಬೆಳಿಗ್ಗೆ ಗಾಳಿ ಮತ್ತೆ ಎದ್ದರೆ ಆ ನಲವತ್ತಮೂರೂ ಇಲ್ಲ. ಹೆಣೆಯುವ ಕೈ ಇದ್ದದ್ದು ಎರಡು.

ಜಿತೇಶ ಹೊರಡುವುದರೊಳಗೆ ಪಡುವಣದ ಕಡೆಯಿಂದ ಬೇಬಿಯಕ್ಕನ ದನಿ ಬಂತು. ಅವಳ ಜಾಗ ಈ ಗದ್ದೆಗೆ ಒತ್ತಿಕೊಂಡೇ ಇತ್ತು, ಗಾಳಿ ಹೋಗುವ ದಿಕ್ಕಿಗೆ. ಎಪ್ಪತ್ತರ ಮುದುಕಿ, ಮೊಣಕಾಲು ನೋವು, ಬಾಯಿಗೆ ಮಾತ್ರ ನೋವಿರಲಿಲ್ಲ.

"ಏ ವಿನೋದಾ! ನಿನ್ನ ಗದ್ದೆಯನ್ನು ನನ್ನ ಬಸಳೆ ಚಪ್ಪರದ ಮೇಲೆ ತಂದು ಹಾಕಿದ್ದೀಯಲ್ಲ, ಅದಕ್ಕೆ ತೀರ್ವೆ ಯಾರು ಕಟ್ಟುವುದು, ನೀನೋ ನಾನೋ? ನಿನ್ನೆ ಅಲಸಂಡೆ ಪಲ್ಯ ತಿಂದು ನನಗಿದ್ದ ಮೂರು ಹಲ್ಲಿನಲ್ಲಿ ಒಂದು ಹೋಯಿತು."

ಬೈದುಕೊಂಡೇ ಹತ್ತಿರ ಬಂದವಳು ವಿನೋದಾಳ ಮುಂದೆ ಸಾಲಾಗಿ ಮಲಗಿಸಿದ್ದ ಸತ್ತ ಸಸಿಗಳನ್ನು ನೋಡಿದಳು. ಬೈಗುಳ ನಿಂತಿತು. ಬೇಲಿಯನ್ನು ನೋಡಿದಳು, ಮೂಡಣವನ್ನು ನೋಡಿದಳು.

"ಈ ಬೇಲಿ ಯಾವ ಬುದ್ಧಿವಂತ ಕಟ್ಟಿದ್ದು?"

"ನಾನು" ಎಂದ ಇರ್ಷಾದ್.

"ದೇವರು ದೊಡ್ಡವ. ಗಾಳಿಗೆ ಬೆನ್ನು ಹಾಕಿ ಕೂತ ಬೇಲಿಯನ್ನು ನಾನು ಇದೇ ಮೊದಲು ನೋಡುವುದು." ಆಮೇಲೆ ವಿನೋದಾಳ ಕಡೆಗೆ ತಿರುಗಿದಳು. "ಎಷ್ಟು ಮಡಲು ಬೇಕು?"

"ನೂರಾದರೂ ಬೇಕು ಬೇಬಿಯಕ್ಕ. ಇವತ್ತೇ ಬೇಕು."

"ಕರೆಯಬಹುದಿತ್ತಲ್ಲ."

ವಿನೋದಾ ಕರೆಯದಿದ್ದ ಕಾರಣ ಇಬ್ಬರಿಗೂ ಗೊತ್ತಿತ್ತು.

ನೆರೆ ಬಂದ ವರ್ಷ, ಜುಲೈಯಲ್ಲಿ, ವಿನೋದಾ ಏಳು ಮನೆಗಳ ಗದ್ದೆಗೆ ಭತ್ತದ ನೇಜಿ ನೆಡಲು ಹೋಗಿದ್ದಳು, ಮನೆಗೆ ಒಂದು ದಿನದಂತೆ. ಕೂಲಿಗೆ ಹೋದದ್ದಲ್ಲ, ಮುಯ್ಯಿಗೆ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಹೊಳೆಬದಿಯ ಗದ್ದೆಯಲ್ಲಿ ನೀರು ತಗ್ಗಲು ತಡ, ಅದಕ್ಕೆ ಅವಳ ಸರದಿ ಯಾವಾಗಲೂ ಕೊನೆಗೆ. ಏಳು ಮನೆಯ ಹೆಂಗಸರು ಆಗಸ್ಟಿನ ಎರಡನೆಯ ವಾರ ಬರುವುದೆಂದು ಮಾತಾಗಿತ್ತು. ಆ ವಾರ ಗದ್ದೆಯೇ ಇರಲಿಲ್ಲ. ಆಮೇಲೆ ಹಾಲಿನ ಡಿಪೋದಲ್ಲಿ, ಪಡಿತರದ ಅಂಗಡಿಯಲ್ಲಿ ಸಿಕ್ಕಿದಾಗ ಅವರು ಬೇರೆಲ್ಲ ಮಾತಾಡುತ್ತಿದ್ದರು, ಅದೊಂದನ್ನು ಬಿಟ್ಟು. ಕೊಡಬೇಕಾದವರಿಗೆ ನಾಚಿಕೆ. ಪಡೆಯಬೇಕಾದವಳು ಬಾಯಿ ತೆರೆಯುವ ಹಾಗಿಲ್ಲ. ಮುಯ್ಯಿಯನ್ನು ಕೇಳಿ ಪಡೆಯುವ ಕ್ರಮ ಆ ಊರಲ್ಲಿಲ್ಲ.

ಬೇಬಿಯಕ್ಕ ಬಂದ ದಾರಿಯಲ್ಲೇ ಹೊರಟಳು. ಮಧ್ಯಾಹ್ನ ಒಂದು ಗಂಟೆಗೆ ಹಿಂದೆ ಬಂದಾಗ ಜೊತೆಗೆ ಉಳಿದ ಆರು ಮನೆಯ ಹೆಂಗಸರಿದ್ದರು, ತಲೆಯ ಮೇಲೆ ಕೆರೆಯಲ್ಲಿ ನೆನೆಹಾಕಿಟ್ಟಿದ್ದ ಮಡಲಿನ ಹೊರೆ. ಬೇಬಿಯಕ್ಕನ ಸೊಸೆ ಸುಪ್ರೀತಾ ಮಾವನ ಹಳೆಯ ಹಟ್ಟಿಗೆ ಹೊದೆಸಿದ್ದ ಮಡಲಿನ ಮಾಡನ್ನೇ ಬಿಚ್ಚಿ ತಂದಿದ್ದಳು. ಝೈನಬ್ ದೊಡ್ಡ ಪಾತ್ರೆಯಲ್ಲಿ ಗಂಜಿ, ಉಪ್ಪಿನಕಾಯಿ ಹೊತ್ತು ಬಂದಳು.

"ಸಡಿಲ ಹೆಣೀಬೇಕಂತೆ" ಎಂದು ವಿನೋದಾ ಹೇಳಿದಾಗ ಬೇಬಿಯಕ್ಕ ಇರ್ಷಾದನನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನೂ ಇವನೇ ಹೇಳಿದ್ದಾ?"

"ಇದು ಸರಿ ಹೇಳಿದ್ದು ಬೇಬಿಯಕ್ಕ. ದಿಕ್ಕು ಮಾತ್ರ ತಪ್ಪಿದ್ದು" ಎಂದಳು ವಿನೋದಾ, ಗಟ್ಟಿಯಾಗಿ. ಈ ಸಲ ಸಾಲಿನ ಗೆರೆ ಎಳೆದವಳು ಅವಳೇ. ಹೊಳೆಯ ತಿರುವಿನಲ್ಲಿ ಗಾಳಿ ತುಸು ತೆಂಕಣಕ್ಕೆ ವಾಲುತ್ತದೆಂದು ಕೊನೆಯ ಮೂರು ಸಾಲುಗಳನ್ನು ಓರೆ ಮಾಡಿಸಿದಳು. ಇರ್ಷಾದ್ ಅವಳು ತೋರಿಸಿದಲ್ಲಿ ಸಲಾಕೆ ಊರಿದ, ಸಾಲಿಗೂ ಸಾಲಿಗೂ ನಡುವೆ ಎಷ್ಟು ಹೆಜ್ಜೆ ಎಂಬುದನ್ನು ಮಾತ್ರ ತಾನು ಹೇಳಿದ.

ಜಿತೇಶ ಹೋಟೆಲಿಗೆ ಹೊರಟವನು ಹೋಗಿರಲಿಲ್ಲ. ಸುಪ್ರೀತಾ ಅವನ ಕಾಲ ಬಳಿ ಹಗ್ಗದ ಉಂಡೆ ಎಸೆದು, "ಸುಮ್ಮನೆ ನಿಂತರೆ ನಿಮ್ಮನ್ನೂ ಒಂದು ಸಲಾಕೆ ಅಂತ ಮಡಲು ಕಟ್ಟಿಬಿಡ್ತೇವೆ ಜಿತೇಶಣ್ಣ" ಎಂದಳು. ಅವನು ಪ್ಯಾಂಟು ಮಡಚಿದ. ಹೊತ್ತು ಮುಳುಗುವಾಗ ಎಂಟು ಸಾಲು ನಿಂತಿದ್ದವು.

ಮರುದಿನ ಗಾಳಿ ಎದ್ದಿತು. ವಿನೋದಾ ಬೆಳಕು ಹರಿಯುವ ಮೊದಲೇ ಹೋಗಿ ಬೇಲಿಯ ಬೆನ್ನಿಗೆ ಕುಳಿತಳು. ತಲೆಯ ಮೇಲೆ ಮಡಲು ಸುಯ್ಯೆನ್ನುತ್ತಿತ್ತು. ಬೇಲಿಯ ಆಚೆ ಬದಿಯಲ್ಲಿ ಮರಳು ಸಣ್ಣ ದಿಂಡಾಗಿ ಕೂಡುತ್ತಾ ಬಂತು. ಈಚೆ, ಅವಳ ಕೈಯ ಪಕ್ಕದಲ್ಲಿ, ನಾಲ್ಕೆಲೆಯ ಸಸಿ ಅಲುಗಾಡಿತೇ ಹೊರತು ಮುಳುಗಲಿಲ್ಲ.

ಆಮೇಲಿನ ಎರಡು ತಿಂಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನೀರು ಹೊಯ್ದರು, ಗೊಬ್ಬರ ಹಾಕಿದರು, ಬಿದ್ದ ಬೇಲಿ ಎತ್ತಿದರು. ಹೊಸ ಬೀಜಗಳೂ ಹುಟ್ಟಿದವು. ಬೇಲಿಯ ಬುಡದಲ್ಲಿ ಕೂಡಿದ ಮರಳಿನ ದಿಂಡಿನ ಮೇಲೆ ವಿನೋದಾ ಲಾವಂಚದ ಬುಡಗಳನ್ನು ನೆಟ್ಟಳು, ಮಡಲು ಕೊಳೆಯುವುದರೊಳಗೆ ಅದು ಬೇಲಿಯಾಗಲೆಂದು. ಮೇಲಿನ ಗದ್ದೆಯಲ್ಲಿ ಹುರುಳಿ ಚೆಲ್ಲಿದಳು. ಬೇಬಿಯಕ್ಕನ ಅಲಸಂಡೆಯಲ್ಲಿ ಮರಳು ಸಿಗುವುದು ನಿಂತಿತು. "ಈಗ ಪಲ್ಯ ಸಪ್ಪೆ" ಎಂದು ಅವಳು ದೂರು ಹೇಳಿದಳು.

ಮಾರ್ಚ್ ನಡುವಿಗೆ ಮೊದಲ ಕಾಯಿಗಳು ಬಲಿತವು. ಆಗ ರಮ್ಜಾನ್ ಉಪವಾಸ. ಇರ್ಷಾದ್ ಒಣಬಾಯಲ್ಲೇ ಒಂದೊಂದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಆರಿಸಿದ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಬಚ್ಚಂಗಾಯಿ ಬೇಕೇ ಬೇಕು. ಸಿದ್ಧಕಟ್ಟೆಯಿಂದ ತೋಡಾರಿನ ತನಕ ಪಿಕಪ್ಪು ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಯಿತು. ಎರಡನೆಯ ಕೊಯ್ಲಿಗೆ ಜಿತೇಶನೇ ಬಂದು ತನ್ನ ಹೋಟೆಲಿಗೆ ಇಪ್ಪತ್ತು ಕಾಯಿ ಎತ್ತಿಟ್ಟುಕೊಂಡ.

ಆ ದಿನ ಕಡೆಯ ಬುಟ್ಟಿ ತುಂಬಿದ ಮೇಲೆ ವಿನೋದಾ ಅವನನ್ನು ಮೇಲಿನ ಗದ್ದೆಗೆ ಕರೆದುಕೊಂಡು ಹೋದಳು. ಒಂದು ಹುರುಳಿ ಗಿಡ ಕಿತ್ತು ಬೇರು ತೋರಿಸಿದಳು. ಬೇರು ಗೇಣುದ್ದದ ಮರಳನ್ನು ದಾಟಿ ಕೆಳಗಿನ ಹಳೆಯ ಮಣ್ಣಿಗೆ ಇಳಿದಿತ್ತು. ತುದಿಯಲ್ಲಿ ಕಪ್ಪು ಮಣ್ಣು ಅಂಟಿಕೊಂಡಿತ್ತು. ಜಿತೇಶ ಅದನ್ನು ಬೆರಳಲ್ಲಿ ಹಿಚುಕಿ ಮೂಸಿ ನೋಡಿದ.

"ಅಣ್ಣ ಇದ್ದಾಗಿನ ವಾಸನೆ" ಎಂದ. ಆಮೇಲೆ ಮುಂದುವರಿಸಿದ: "ಆ ಟಿಪ್ಪರಿನವನಿಗೆ ಬೇಡ ಅಂತ ಹೇಳ್ತೇನೆ ಅತ್ತಿಗೆ. ಈ ಮೇಲಿನ ಗದ್ದೆಯ ಮರಳು ಮಾತ್ರ ನಾನೇ ಟ್ರಾಕ್ಟರು ತರಿಸಿ ತೆಗೆಸ್ತೇನೆ. ಹೊಳೆಯ ಬದಿಗೆ ದಂಡೆ ಹಾಕುವ. ನೀವು ಪಕ್ಕದಲ್ಲಿ ನಿಂತಿರಿ. ಮಣ್ಣು ಕಂಡಲ್ಲಿಗೆ ನಿಲ್ಲಿಸಿ."

"ಯಾವಾಗ?"

"ಬಿಸು ಕಳೆದ ಕೂಡಲೇ. ಮಳೆಗೆ ಮೊದಲು."

ಅವರು ಕೆಳಗೆ ಬಂದಾಗ ಬೇಬಿಯಕ್ಕ ಬದುವಿನ ಮೇಲೆ ಕಾಲು ನೀಡಿ ಕುಳಿತು ಬಚ್ಚಂಗಾಯಿಯ ಹೋಳು ತಿನ್ನುತ್ತಿದ್ದಳು. ಹೆಂಗಸರೆಲ್ಲ ಕೊಯ್ಲಿಗೆಂದು ಬಂದಿದ್ದರು. ವಿನೋದಾ ಒಬ್ಬೊಬ್ಬರಿಗೂ ಎರಡೆರಡು ಕಾಯಿ ಕೊಟ್ಟು ಹೇಳಿದಳು: "ಮಡಲು ಹೆಣೆದದ್ದಕ್ಕೆ ಆ ವರ್ಷದ ಮುಯ್ಯಿ ಸರಿಹೋಯಿತು. ಇನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಆರು ಜನ ತಲೆಯಾಡಿಸಿದರು. ಐದು ವರ್ಷದ ಮೇಲೆ ಆ ಮಾತು ಬಾಯಿಬಿಟ್ಟು ಆಡಿದ್ದೇ ಅವರಿಗೆ ಹಗುರವಾದಂತಿತ್ತು. ಬೇಬಿಯಕ್ಕ ಬೀಜ ಉಗಿದಳು.

"ಅವರದ್ದು ಸರಿಹೋಗಿರಬಹುದು, ನನ್ನದಿಲ್ಲ. ನಾನು ಮಡಲು ಹೆಣೆದದ್ದು ನನ್ನ ಬಸಳೆಗಾಗಿ. ನೇಜಿಯ ಮುಯ್ಯಿ ನೇಜಿಯಲ್ಲೇ ತೀರಬೇಕು."

"ನಿಮ್ಮ ಮೊಣಕಾಲಿಗೆ ಕೆಸರಿನಲ್ಲಿ ಬಗ್ಗಲಿಕ್ಕೆ ಆಗ್ತದಾ ಬೇಬಿಯಕ್ಕ? ಸುಪ್ರೀತಾ ಬರಲಿ."

"ನೀನು ಬಂದದ್ದು ನನ್ನ ಗದ್ದೆಗೆ, ಇವಳ ಗದ್ದೆಗಲ್ಲ. ನಾನೇ ಬರಬೇಕು. ಬದುವಿನಲ್ಲಿ ಕೂತು ನೇಜಿಯ ಕಟ್ಟು ಬಿಡಿಸಿ ಕೊಟ್ಟರೂ ಕೆಲಸವೇ." ಅವಳು ಸಿಪ್ಪೆಯನ್ನು ದನದ ಕಡೆಗೆ ಎಸೆದು ಸೊಸೆಯ ಕೈ ಹಿಡಿದು ಎದ್ದಳು. "ಯಾವ ಗದ್ದೆ ಮೊದಲು ಅಂತ ಹೇಳು. ಮೇಲಿನದ್ದಾ?"

"ಮೇಲಿನದ್ದು."

"ಹಾಗಾದರೆ ಜೂನ್ ಕೊನೆಗೆ. ಬಾಕಿ ಇರಲಿ" ಎಂದು ಬೇಬಿಯಕ್ಕ ಎರಡು ಕಾಯಿಗಳನ್ನೂ ಸೊಸೆಯ ತಲೆಗೆ ಹೊರಿಸಿ, ಬೇಲಿಯ ಸಾಲುಗಳ ನಡುವಿನಿಂದ ಮನೆಯ ಕಡೆಗೆ ನಡೆದಳು.